ಹೌಸ್ ಉಳಿಯಿತು, ಡಬ್‌ಸ್ಟೆಪ್ ಎಲ್ಲಿ ಹೋಯಿತು? ಎಲೆಕ್ಟ್ರಾನಿಕ್ ಸಂಗೀತದ ಪ್ರಕಾರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಟ್ರಾನಿಕ್ ನೃತ್ಯ ಸಂಗೀತದ ಬಗ್ಗೆ ಬರೆಯಲು ಶುರು ಮಾಡಿದಾಗಿನಿಂದ ಗೆಳೆಯರು ಮಾತಿನ ನಡುವೆ, ಓದುಗರು ಕಾಗದಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಮೊದಲ ಭಾಗ ಈಗಷ್ಟೇ ಕೇಳಲು ಶುರು ಮಾಡಿದವರಿಗೆ, ಕೊನೆಯದು ಸಾಕಷ್ಟು ಕೇಳಿ ಪಳಗಿದವರಿಗೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು.

## ಮೊದಲ ಪ್ರಶ್ನೆಗಳು

ಇಡಿಎಂ ಅಂದ್ರೂ ಎಲೆಕ್ಟ್ರಾನಿಕ್ ಮ್ಯೂಸಿಕ್ ಅಂದ್ರೂ ಒಂದೇ ಅಲ್ವಾ?

ಅಲ್ಲ. ಸಿಂಥಸೈಜರ್, ಡ್ರಮ್ ಮಷೀನ್, ಕಂಪ್ಯೂಟರ್‌ಗಳಿಂದ ಹುಟ್ಟಿಸಿದ ಸಂಗೀತವೆಲ್ಲ ಎಲೆಕ್ಟ್ರಾನಿಕ್ ಸಂಗೀತವೇ. ಕೂತು ಕೇಳಲೆಂದೇ ಮಾಡಿದ್ದು ಅದರಲ್ಲಿ ಬಹಳ ಇದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇದ್ದ ಸ್ಟುಡಿಯೋ ಶುರುವಾಗಿತ್ತು. ಅಲ್ಲಿನ ಪ್ರಯೋಗಗಳು ಕ್ಲಬ್ಬಿಗಾಗಿ ನಡೆದವಲ್ಲ.

ಇಡಿಎಂ (ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್) ಎಂಬ ಹೆಸರು ಜನರ ಬಾಯಿಗೆ ಬಂದದ್ದು 2010ರ ಆಸುಪಾಸಿನಲ್ಲಿ, ಅಮೆರಿಕದ ಸಂಗೀತೋದ್ಯಮ ದೊಡ್ಡ ಮೈದಾನಗಳ ಉತ್ಸವಗಳನ್ನು ಮಾರಲು ಹೊರಟಾಗ. ಅದರಡಿ ಎಲ್ಲವನ್ನೂ ತುರುಕಿದರೆ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ನೋಡುವುದೇ ಕಷ್ಟವಾಗುತ್ತದೆ. ಹಾಗಾಗಿ ಇಲ್ಲಿ ಪ್ರತಿಯೊಂದನ್ನೂ ಅದರದರ ಹೆಸರಿನಿಂದಲೇ ಕರೆಯುತ್ತೇನೆ.

ಹೌಸ್, ಟೆಕ್ನೋ ಎರಡೂ ಧಬ್ ಧಬ್ ಅಂತಾವ. ಏನ್ರೀ ಫರಕು?

ಎರಡರಲ್ಲೂ ನಾಲ್ಕು ಎಣಿಕೆಗೆ ನಾಲ್ಕು ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಪೆಟ್ಟು, ಬೀಳುತ್ತವೆ. ಹಾಗಾಗಿ ದೂರದಿಂದ ಒಂದೇ ಅನಿಸುವುದು ಸಹಜ. ಹತ್ತಿರ ಹೋಗಿ ಕೇಳಿ. ಹೌಸ್‌ನಲ್ಲಿ ಎರಡು ಕಿಕ್‌ಗಳ ನಡುವೆ ಹೈ-ಹ್ಯಾಟ್ ಎಂಬ ಜೋಡಿ ಲೋಹದ ತಟ್ಟೆ ‘ತ್ಸ್’ ಎಂದು ತೆರೆಯುತ್ತದೆ, ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಚಪ್ಪಾಳೆ ಬೀಳುತ್ತದೆ, ಮೇಲೆ ಪಿಯಾನೋ, ಕೆಲವು ಸಲ ಚರ್ಚಿನ ಗಾಯಕರಂತೆ ಕಂಠ ಬಿಚ್ಚಿ ಹಾಡುವ ದನಿ. ಡಿಸ್ಕೋದ ರಕ್ತ ಅದರಲ್ಲಿದೆ. ಟೆಕ್ನೋ ಡೆಟ್ರಾಯಿಟ್ ಊರಿನದು. ಹಾಡು ಕಡಿಮೆ, ಒಂದೇ ಸಣ್ಣ ಸ್ವರಗುಚ್ಛ ನಿಮಿಷಗಟ್ಟಲೆ ತಿರುಗುತ್ತಾ ಬಣ್ಣ ಬದಲಿಸುವುದು ಹೆಚ್ಚು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಪ್ರಭಾವ ಅದರ ಮೇಲೆ ದಟ್ಟವಾಗಿದೆ. ನನ್ನ ಅನುಭವದಲ್ಲಿ ಹೌಸ್‌ಗೆ ಮೊದಲು ಸೊಂಟ ಅಲುಗುತ್ತದೆ, ಟೆಕ್ನೋಗೆ ಮೊದಲು ಕಾಲು.

ಬಿಪಿಎಂ ಬಿಪಿಎಂ ಅಂತ ಎಲ್ಲರೂ ಯಾಕೆ ಲೆಕ್ಕ ಹೇಳ್ತಾರೆ?

ಒಂದು ನಿಮಿಷಕ್ಕೆ ಎಷ್ಟು ತಟ್ಟು ಬೀಳುತ್ತದೆ ಎಂಬ ಲೆಕ್ಕ ಅದು. ಎರಡು ಟ್ರ್ಯಾಕ್‌ಗಳ ವೇಗ ಹೊಂದಿದರೆ ಮಾತ್ರ ಡಿಜೆ ಒಂದರೊಳಗೆ ಇನ್ನೊಂದನ್ನು ಸೇರಿಸಬಲ್ಲರು. ಹೌಸ್ ಸುಮಾರು 118ರಿಂದ 128, ಡಬ್‌ಸ್ಟೆಪ್ 140, ಡ್ರಮ್ ಆಂಡ್ ಬೇಸ್ 170ರಿಂದ 175. ಅಕ್ಕಪಕ್ಕದ ವೇಗದಲ್ಲಿರುವ ಪ್ರಕಾರಗಳು ಒಂದೇ ರಾತ್ರಿಯಲ್ಲಿ ಜೊತೆಯಾಗಿ ಬಾಳುತ್ತವೆ. ಅಕ್ಕಪಕ್ಕ ಯಾರೂ ಇಲ್ಲದ ವೇಗದಲ್ಲಿ ಹುಟ್ಟಿದ ಪ್ರಕಾರಕ್ಕೆ ತನ್ನದೇ ರಾತ್ರಿ, ತನ್ನದೇ ಜನ ಬೇಕು.

ಒಂದು ಪ್ರಕಾರ ‘ಉಳಿದಿದೆ’ ಅಂತ ಯಾವ ಆಧಾರದ ಮೇಲೆ ಹೇಳ್ತೀರಿ? ಚಾರ್ಟ್ ನೋಡಿಯಾ?

ಚಾರ್ಟ್ ಹೇಳುವುದು ಈ ವಾರ ಏನು ಓಡಿತು ಎಂಬುದನ್ನಷ್ಟೇ. ನಾನು ಬೇರೆಯದನ್ನು ನೋಡುತ್ತೇನೆ. ಈ ವರ್ಷವೂ ಹೊಸಬರು ಆ ಪ್ರಕಾರದಲ್ಲಿ ಟ್ರ್ಯಾಕ್ ಮಾಡುತ್ತಿದ್ದಾರೆಯೇ? ಅದನ್ನೇ ಕೇಳಲೆಂದು ಜನ ವಾರಕ್ಕೋ ತಿಂಗಳಿಗೋ ಒಮ್ಮೆ ಸೇರುವ ಜಾಗ ಎಲ್ಲಾದರೂ ಇದೆಯೇ? ಹಾಗೆ ಸೇರಿದವರಲ್ಲಿ, ಆ ಪ್ರಕಾರ ಹುಟ್ಟಿದಾಗ ಇನ್ನೂ ಹುಟ್ಟಿರದವರು ಇದ್ದಾರೆಯೇ?

1990ರ ದಶಕದ ಯೂರೋಡ್ಯಾನ್ಸ್ ಹಾಡುಗಳನ್ನು ಇವತ್ತಿಗೂ ಮದುವೆ ಆರತಕ್ಷತೆಗಳಲ್ಲಿ ಹಾಕುತ್ತಾರೆ, ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕುಣಿಯುತ್ತಾರೆ. ಆದರೆ ಆ ಬಗೆಯಲ್ಲಿ ಹೊಸದನ್ನು ಮಾಡುವವರು ತೀರ ಕಡಿಮೆ. ಅಲ್ಲಿ ಹಾಡುಗಳು ಉಳಿದವು, ಪ್ರಕಾರ ಉಳಿಯಲಿಲ್ಲ.

## ಉಳಿದವು

ಹೌಸ್ ಬಂದು ನಲವತ್ತು ವರ್ಷ ಆಯ್ತು. ಇನ್ನೂ ಯಾಕೆ ಹಳತಾಗಿಲ್ಲ?

ನನಗೆ ಅತ್ಯಂತ ಇಷ್ಟದ ಪ್ರಶ್ನೆ ಇದು. ಉತ್ತರ ಉದ್ದವಿದೆ.

1979ರ ಜುಲೈ 12ರಂದು ಷಿಕಾಗೋದ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಒಬ್ಬ ರೇಡಿಯೋ ನಿರೂಪಕನ ಕರೆಗೆ ಓಗೊಟ್ಟು ಬಂದ ಸಾವಿರಾರು ಜನರೆದುರು ಡಿಸ್ಕೋ ರೆಕಾರ್ಡುಗಳ ರಾಶಿಯನ್ನು ಸ್ಫೋಟಿಸಲಾಯಿತು. ದೊಡ್ಡ ಕಂಪನಿಗಳು ಬೇಗನೇ ಡಿಸ್ಕೋದಿಂದ ಕೈ ತೊಳೆದುಕೊಂಡವು. ಅದೇ ಊರಿನ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಡಿಜೆ ಫ್ರಾಂಕಿ ನಕಲ್ಸ್ 1977ರಿಂದ ಹಾಕುತ್ತಿದ್ದ ಸಂಗೀತವನ್ನು ನಿಲ್ಲಿಸಲಿಲ್ಲ. ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೊ ಸಲಿಂಗಿ ಯುವಕರು. ಅವರಿಗೆ ನಿರ್ಭಯವಾಗಿ ಕುಣಿಯಲು ಬೇರೆ ಜಾಗ ಹೆಚ್ಚಿರಲಿಲ್ಲ. ಹೊಸ ಡಿಸ್ಕೋ ರೆಕಾರ್ಡುಗಳು ಬರುವುದು ಕಡಿಮೆಯಾದಾಗ ನಕಲ್ಸ್ ಇದ್ದವನ್ನೇ ಟೇಪಿನಲ್ಲಿ ಕತ್ತರಿಸಿ ಅಂಟಿಸಿ ಉದ್ದ ಮಾಡಿದರು, ಆಮೇಲೆ ಕೆಳಗೆ ಡ್ರಮ್ ಮಷೀನ್ ಸೇರಿಸಿದರು. 1984ರ ಹೊತ್ತಿಗೆ ಊರಿನ ಹುಡುಗರು ತಾವೇ ರೆಕಾರ್ಡು ಮಾಡತೊಡಗಿದರು. 1987ರ ಜನವರಿಯಲ್ಲಿ ಷಿಕಾಗೋದ ಒಂದು ಹೌಸ್ ಟ್ರ್ಯಾಕ್ ಬ್ರಿಟನ್ನಿನ ಚಾರ್ಟಿನಲ್ಲಿ ಮೊದಲ ಸ್ಥಾನಕ್ಕೇರಿತು.

ಮಾರುಕಟ್ಟೆ ಕೈಬಿಟ್ಟ ಮೇಲೆ ಹುಟ್ಟಿದ ಸಂಗೀತ ಇದು. ಅದನ್ನು ಬೆಳೆಸಿದವರಿಗೆ ಅದು ಬೇಕೇ ಬೇಕಾಗಿತ್ತು. ಪತ್ರಿಕೆಗಳು ಬರೆದವು, ಬರೆಯುವುದನ್ನು ಬಿಟ್ಟವು. ಆ ಜನ ಶನಿವಾರ ರಾತ್ರಿ ಬರುವುದನ್ನು ಬಿಡಲಿಲ್ಲ.

ಎರಡನೆಯ ಕಾರಣ ಅದರ ಕಟ್ಟಡ. ಹೌಸ್‌ಗೆ ಗುರುತು ಅದರ ನಡೆ ಮಾತ್ರ: ಆ ಕಿಕ್, ಆ ಹೈ-ಹ್ಯಾಟ್, ಆ ವೇಗ. ಮೇಲಿನ ಅಂತಸ್ತಿನಲ್ಲಿ ಯಾವ ಶಬ್ದ ಬಂದು ಕೂತರೂ ಅದು ಹೌಸ್ ಆಗಿಯೇ ಇರುತ್ತದೆ. ಪ್ಯಾರಿಸ್‌ನವರು ಹಳೆಯ ಡಿಸ್ಕೋ ತುಣುಕುಗಳನ್ನು ಫಿಲ್ಟರ್ ಮಾಡಿ ಸೇರಿಸಿದರು, ದಕ್ಷಿಣ ಆಫ್ರಿಕಾದವರು ತಮ್ಮ ತಾಳವಾದ್ಯಗಳನ್ನು ಸೇರಿಸಿದರು. ಒಂದು ಶಬ್ದವನ್ನೇ ನೆಚ್ಚಿಕೊಂಡ ಪ್ರಕಾರಕ್ಕೆ ಈ ಅನುಕೂಲವಿಲ್ಲ, ಆ ಶಬ್ದ ಬೇಸರವಾದ ದಿನ ಎಲ್ಲವೂ ಬೇಸರವಾಗುತ್ತದೆ.

ಮೂರನೆಯದನ್ನು ಡಿಜೆಗಳಷ್ಟೇ ಗಮನಿಸುತ್ತಾರೆ. ಹೌಸ್ ಟ್ರ್ಯಾಕಿನ ಮೊದಲ ಮತ್ತು ಕೊನೆಯ ಭಾಗದಲ್ಲಿ ಬರೀ ಡ್ರಮ್ ಇರುತ್ತದೆ, ಇನ್ನೊಂದರ ಜೊತೆ ಬೆಸೆಯಲಿ ಎಂದು. ಹಾಗಾಗಿ 1988ರ ರೆಕಾರ್ಡು ಹೋದ ವಾರ ಬಂದ ಫೈಲಿನ ಪಕ್ಕದಲ್ಲಿ ಸಲೀಸಾಗಿ ಕೂರುತ್ತದೆ. ಇಪ್ಪತ್ತು ವರ್ಷದ ಹುಡುಗಿಗೆ ತನ್ನ ತಾಯಿ ಕೇಳುತ್ತಿದ್ದ ಟ್ರ್ಯಾಕ್ ಇತಿಹಾಸದ ಪಾಠವಾಗಿ ಬರುವುದಿಲ್ಲ. ಕುಣಿಯುತ್ತಿರುವಾಗಲೇ ಕಿವಿಗೆ ಬಿದ್ದು ಅವಳದೂ ಆಗುತ್ತದೆ.

ಟೆಕ್ನೋ ಹುಟ್ಟಿದ್ದು ಡೆಟ್ರಾಯಿಟ್‌ನಲ್ಲಿ ಅಂತೀರಿ, ಮತ್ತೆ ಎಲ್ಲರೂ ಬರ್ಲಿನ್ ಬರ್ಲಿನ್ ಅಂತಾರಲ್ಲ?

ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಡೆಟ್ರಾಯಿಟ್ ಬಳಿಯ ಬೆಲ್‌ವಿಲ್‌ನಲ್ಲಿ ಓದಿದ ಗೆಳೆಯರು. 1980ರ ದಶಕದಲ್ಲಿ ಈ ಕಪ್ಪು ಯುವಕರು ಕಟ್ಟಿದ ಸಂಗೀತಕ್ಕೆ 1988ರಲ್ಲಿ ಬ್ರಿಟನ್ನಿನಲ್ಲಿ ಬಂದ ಒಂದು ಸಂಕಲನ ಟೆಕ್ನೋ ಎಂಬ ಹೆಸರನ್ನು ಊರ್ಜಿತಗೊಳಿಸಿತು. ಆ ಋಣವನ್ನು ಯಾರೂ ಮರೆಯಬಾರದು. ಟೆಕ್ನೋ ಎಂದರೆ ಬಿಳಿಯ ಯುರೋಪಿನ ಸಂಗೀತ ಎಂದು ತಿಳಿದವರು ಇಂದಿಗೂ ಬಹಳ, ಅದು ನನಗೆ ನೋವಿನ ಸಂಗತಿ.

ಆದರೆ ಡೆಟ್ರಾಯಿಟ್‌ನಲ್ಲಿ ಕಾರು ಕಾರ್ಖಾನೆಗಳು ಮುಚ್ಚುತ್ತಿದ್ದವು, ಜನ ಊರು ಬಿಡುತ್ತಿದ್ದರು. ಬರ್ಲಿನ್ನಿನಲ್ಲಿ 1989ರಲ್ಲಿ ಗೋಡೆ ಬಿದ್ದು, ಪೂರ್ವ ಭಾಗದಲ್ಲಿ ಮಾಲೀಕರು ಯಾರೆಂದೇ ಗೊತ್ತಿಲ್ಲದ ಕಟ್ಟಡಗಳು ಖಾಲಿ ಬಿದ್ದಿದ್ದವು. ಟ್ರೆಸರ್ ಕ್ಲಬ್ 1991ರಲ್ಲಿ ಶುರುವಾದದ್ದು ಹಳೆಯ ವೆರ್ಟ್‌ಹೈಮ್ ಮಳಿಗೆಯ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ. ಡೆಟ್ರಾಯಿಟ್‌ನವರು ಅಲ್ಲಿಗೆ ಬಂದು ನುಡಿಸಿದರು, ಅವರ ರೆಕಾರ್ಡುಗಳನ್ನು ಆ ಕ್ಲಬ್ಬಿನದೇ ಲೇಬಲ್ (ರೆಕಾರ್ಡ್ ಕಂಪನಿ) ಹೊರತಂದಿತು. ಪಶ್ಚಿಮ ಬರ್ಲಿನ್ನಿನಲ್ಲಿ 1949ರಿಂದಲೇ ‘ಇಷ್ಟು ಹೊತ್ತಿಗೆ ಬಾಗಿಲು ಹಾಕಬೇಕು’ ಎಂಬ ನಿಯಮ ಇರಲಿಲ್ಲ. ಬೆಳಗಿನ ಏಳು ಗಂಟೆಗೂ ಕುಣಿಯಬಹುದಾದ ಊರಿನಲ್ಲಿ ಹತ್ತು ನಿಮಿಷದ ಟ್ರ್ಯಾಕಿಗೂ ಅರ್ಥವಿರುತ್ತದೆ.

ಆಮೇಲೆ ಸರ್ಕಾರವೂ ಜೊತೆ ಬಂತು. ಬರ್ಗ್‌ಹೈನ್ ಕ್ಲಬ್ಬಿನ ಕಾರ್ಯಕ್ರಮಗಳು ಸಂಗೀತ ಕಛೇರಿಗಳಿಗೆ ಸಮ ಎಂದು 2016ರಲ್ಲಿ ಅಲ್ಲಿನ ತೆರಿಗೆ ನ್ಯಾಯಾಲಯ ಒಪ್ಪಿತು, ಟಿಕೆಟ್ ಮೇಲಿನ ತೆರಿಗೆ ಶೇ 19ರ ಬದಲು ಶೇ 7 ಆಯಿತು. 2024ರ ಮಾರ್ಚಿನಲ್ಲಿ ಬರ್ಲಿನ್ ಟೆಕ್ನೋ ಜರ್ಮನಿಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿತು. ಬಾಡಿಗೆ ಏರಿ ಕ್ಲಬ್ಬುಗಳು ಮುಚ್ಚುತ್ತಿರುವ ಹೊತ್ತಿನಲ್ಲಿ ಪಟ್ಟಿಯೊಂದೇ ಅವನ್ನು ಕಾಯಲಾರದು. ತೆರಿಗೆ ಇಳಿದದ್ದು ಮಾತ್ರ ನಿಜವಾದ ಸಹಾಯ.

ಡ್ರಮ್ ಆಂಡ್ ಬೇಸ್ ಅಷ್ಟು ವೇಗ ಇದೆ, ಕುಣಿಯೋಕೂ ಕಷ್ಟ. ಅದು ಹೇಗೆ ಬದುಕಿದೆ?

ವೇಗ ಕೇಳುವುದು ಡ್ರಮ್ಮಿನಲ್ಲಿ ಮಾತ್ರ. ಬೇಸ್, ಅಂದರೆ ತೀರ ಕೆಳಸ್ಥಾಯಿಯ ಸ್ವರಗಳು, ಅದರ ಅರ್ಧ ವೇಗದಲ್ಲಿ ನಡೆಯುತ್ತದೆ. ಸಂಗೀತ ಪಾಠದಲ್ಲಿ ಒಂದೇ ಸರಳೆಯನ್ನು ಒಂದನೇ ಕಾಲ, ಎರಡನೇ ಕಾಲಗಳಲ್ಲಿ ಹಾಡಿಸುತ್ತಾರಲ್ಲ, ಇಲ್ಲಿ ಎರಡು ಕಾಲಗಳೂ ಒಟ್ಟಿಗೇ ಕೇಳುತ್ತವೆ. ದಣಿದವರು ಬೇಸ್ ಹಿಡಿದು ತೂಗಬಹುದು, ಹುರುಪಿದ್ದವರು ಡ್ರಮ್ ಹಿಡಿದು ಹಾರಬಹುದು. ಒಂದೇ ನೆಲದ ಮೇಲೆ ಇಬ್ಬರಿಗೂ ಜಾಗ.

ಇದರ ತಾಯಿಬೇರು ಸುಮಾರು ಏಳು ಸೆಕೆಂಡಿನ ಒಂದು ಡ್ರಮ್ ತುಣುಕು. ಅಮೆರಿಕದ ದಿ ವಿನ್‌ಸ್ಟನ್ಸ್ ತಂಡದ 1969ರ ‘ಅಮೆನ್, ಬ್ರದರ್’ ಹಾಡಿನಲ್ಲಿ ಗ್ರೆಗರಿ ಕೋಲ್‌ಮನ್ ಒಬ್ಬರೇ ಬಾರಿಸಿದ ನಾಲ್ಕು ಆವರ್ತ. 1990ರ ದಶಕದ ಆರಂಭದಲ್ಲಿ ಲಂಡನ್ನಿನ ಹುಡುಗರು ಅದನ್ನು ಸ್ಯಾಂಪ್ಲರ್ ಎಂಬ, ಶಬ್ದದ ತುಣುಕು ಹಿಡಿದಿಡುವ ಯಂತ್ರದಲ್ಲಿ ಚೂರು ಮಾಡಿ, ವೇಗ ಹೆಚ್ಚಿಸಿ, ಜಮೈಕದ ಸೌಂಡ್ ಸಿಸ್ಟಮ್ಮಿನ ಬೇಸ್ ಮೇಲೆ ಹೊಸದಾಗಿ ಜೋಡಿಸಿದರು. ಅದು ಜಂಗಲ್, ಅದರಿಂದ ಡ್ರಮ್ ಆಂಡ್ ಬೇಸ್. ಕೋಲ್‌ಮನ್ 2006ರಲ್ಲಿ ಬಡತನದಲ್ಲೇ ತೀರಿಕೊಂಡರು. ಸಾವಿರಾರು ಟ್ರ್ಯಾಕುಗಳಿಗೆ ಜೀವ ಕೊಟ್ಟ ಕೈಗೆ ಅದರಿಂದ ರಾಯಧನ ಸಿಗಲಿಲ್ಲ. ಈ ಸಂಗೀತವನ್ನು ಪ್ರೀತಿಸುವವರು ಇದನ್ನು ಹೇಳದೆ ಮುಂದೆ ಹೋಗಬಾರದು ಎಂಬುದು ನನ್ನ ನಂಬಿಕೆ.

1997ರಲ್ಲಿ ಬ್ರಿಸ್ಟಲ್‌ನ ರೋನಿ ಸೈಜ್ ಮತ್ತು ತಂಡಕ್ಕೆ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿ ಬಂತು. ಕೆಲವೇ ವರ್ಷಗಳಲ್ಲಿ ಪತ್ರಿಕೆಗಳು ಇದರ ಕಥೆ ಮುಗಿಯಿತು ಎಂದವು. ಮುಗಿಯಲಿಲ್ಲ, ಏಕೆಂದರೆ ತನ್ನದೇ ಲೇಬಲ್ಲು, ತನ್ನದೇ ರೆಕಾರ್ಡ್ ಅಂಗಡಿ, ತನ್ನದೇ ಪರವಾನಗಿಯಿಲ್ಲದ ರೇಡಿಯೋ, ಮೈಕ್ ಹಿಡಿದು ಜನರನ್ನು ಹುರಿದುಂಬಿಸುವ ತನ್ನದೇ ಎಂಸಿಗಳು ಅದಕ್ಕಿದ್ದರು. ಇಂದು ನ್ಯೂಜಿಲೆಂಡ್‌ನಲ್ಲಿ ಅದು ಜನಪ್ರಿಯ ಸಂಗೀತವೇ ಆಗಿದೆ, ಜೆಕ್ ದೇಶದಲ್ಲಿ ಅದಕ್ಕೆಂದೇ ದೊಡ್ಡ ಉತ್ಸವ ನಡೆಯುತ್ತದೆ.

ಗೋವಾ ಟ್ರಾನ್ಸ್ ನಮ್ಮ ಪಕ್ಕದಲ್ಲೇ ಹುಟ್ಟಿದ್ದು. ಈಗ ಅದು ಇದೆಯಾ ಸರ್?

ಇದೆ, ಆದರೆ ಅದರ ದೊಡ್ಡ ನೆಲೆ ಈಗ ಗೋವಾದಲ್ಲಿಲ್ಲ. ಅಂಜುನಾ ಕಡಲ ತೀರದ ಪಾರ್ಟಿಗಳಲ್ಲಿ ಗೋವಾ ಗಿಲ್ ಮುಂತಾದವರು ಹಾಕುತ್ತಿದ್ದ ಸಂಗೀತ 1990ರ ದಶಕದ ಮಧ್ಯಕ್ಕೆ ಒಂದು ಪ್ರಕಾರವಾಯಿತು. ವಿನೈಲ್ ತಟ್ಟೆ ಬಿಸಿಲಿಗೆ ಬಗ್ಗಿ, ಧೂಳಿಗೆ ಕೆಡುವುದರಿಂದ ಅಲ್ಲಿನ ಡಿಜೆಗಳು ಡ್ಯಾಟ್ ಎಂಬ ಡಿಜಿಟಲ್ ಕ್ಯಾಸೆಟ್ಟಿನಲ್ಲಿ ನುಡಿಸುತ್ತಿದ್ದರು. ಅದರಲ್ಲಿ ವೇಗ ಹೊಂದಿಸಿ ಬೆಸೆಯಲು ಆಗುತ್ತಿರಲಿಲ್ಲ. ಹಾಗಾಗಿ ಟ್ರ್ಯಾಕುಗಳು ತಟ್ಟಿಲ್ಲದ ಉದ್ದನೆಯ ಆಲಾಪದಂಥ ಭಾಗದಿಂದ ಶುರುವಾಗಿ, ಅಂಥದ್ದರಲ್ಲೇ ಮುಗಿಯುತ್ತಿದ್ದವು. ಒಂದು ತೀರದ ಹವೆ ಒಂದು ಸಂಗೀತದ ಆಕಾರವನ್ನು ತಿದ್ದಿದ್ದು ಹೀಗೆ.

ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಕೂಡದು ಎಂಬ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಬಂದವು, 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಇಡೀ ರಾತ್ರಿ ನಡೆದು ಸೂರ್ಯೋದಯಕ್ಕೆ ತುದಿ ಮುಟ್ಟಬೇಕಾದ ಸಂಗೀತಕ್ಕೆ ಅದು ದೊಡ್ಡ ಪೆಟ್ಟು. ಅಷ್ಟರಲ್ಲಿ, ಸೇನೆಯ ಸೇವೆ ಮುಗಿಸಿ ಗೋವಾಕ್ಕೆ ಬರುತ್ತಿದ್ದ ಇಸ್ರೇಲಿ ಯುವಕರು ಅದನ್ನು ಹೊತ್ತು ಮನೆಗೆ ಹೋಗಿದ್ದರು. ಪೋರ್ಚುಗಲ್‌ನ ಬೂಮ್, ಹಂಗೇರಿಯ ಓಝೋರಾ ಉತ್ಸವಗಳಲ್ಲಿ ಸೈಟ್ರಾನ್ಸ್ ಹೆಸರಿನಲ್ಲಿ ಅದು ಗಟ್ಟಿಯಾಗಿ ನಿಂತಿದೆ. ಗೋಕರ್ಣದ ಕಡೆಗೂ ಒಂದಿಷ್ಟು ಹರಿದು ಬಂತು, ನೆಲೆ ನಿಲ್ಲಲಿಲ್ಲ.

## ಮರೆಗೆ ಸರಿದವು

ನಾನು ಇಂಜಿನಿಯರಿಂಗ್ ಓದುವಾಗ ಎಲ್ಲರ ಫೋನಲ್ಲೂ ಡಬ್‌ಸ್ಟೆಪ್ ಇತ್ತು. ಎಲ್ಲಿ ಹೋಯ್ತು ಅದು?

ನಿಮ್ಮ ಫೋನಿನಲ್ಲಿದ್ದದ್ದು ಅದರ ಎರಡನೇ ಜನ್ಮ. ಮೊದಲನೆಯದನ್ನು ಫೋನಿನಲ್ಲಿ ಕೇಳಲು ಸಾಧ್ಯವೇ ಇರಲಿಲ್ಲ.

ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಬಿಗ್ ಆ್ಯಪಲ್ ಎಂಬ ರೆಕಾರ್ಡ್ ಅಂಗಡಿಯಿತ್ತು. ಅದರ ಸುತ್ತ ಓಡಾಡುತ್ತಿದ್ದ ಸ್ಕ್ರೀಮ್, ಬೆಂಗಾ ಆಗಿನ್ನೂ ಹದಿಹರೆಯದ ಹುಡುಗರು. ಸುಮಾರು 140 ಬಿಪಿಎಂ, ಮೂರನೇ ಎಣಿಕೆಗೆ ಒಂದೇ ಸ್ನೇರ್ ಪೆಟ್ಟು, ನಡುವೆ ವಿಶಾಲವಾದ ಖಾಲಿ ಜಾಗ, ಕೆಳಗೆ ಎದೆಗೂಡು ನಡುಗಿಸುವ ಬೇಸ್. 2005ರಲ್ಲಿ ಬ್ರಿಕ್ಸ್‌ಟನ್‌ನಲ್ಲಿ ಶುರುವಾದ ಡಿಎಂಝೆಡ್ ರಾತ್ರಿಗಳಲ್ಲಿ ಜನ ಕತ್ತಲಲ್ಲಿ ನಿಂತು ಕಿವಿಗಿಂತ ಹೆಚ್ಚಾಗಿ ಮೈಯಿಂದ ಕೇಳುತ್ತಿದ್ದರು. ಸಣ್ಣ ಸ್ಪೀಕರ್ ಆ ಆಳದ ಸ್ವರಗಳನ್ನು ಹೊರಡಿಸಲಾರದು, ಆದ್ದರಿಂದ ಆ ಸಂಗೀತಕ್ಕೆ ಒಂದು ಕೋಣೆ ಬೇಕೇ ಬೇಕಿತ್ತು.

2010ರ ನಂತರ ಸ್ಕ್ರಿಲೆಕ್ಸ್ ಮತ್ತಿತರ ಅಮೆರಿಕನ್ನರು ಬೇಸನ್ನು ಮಧ್ಯಸ್ಥಾಯಿಗೆ ಎತ್ತಿ, ಅದಕ್ಕೆ ಗುರ್ರೆನ್ನುವ, ಲೋಹ ಉಜ್ಜುವಂಥ ದನಿ ಕೊಟ್ಟರು. ಲ್ಯಾಪ್‌ಟಾಪಿನಲ್ಲೂ ಅದು ಜೋರಾಗಿ ಕೇಳುತ್ತಿತ್ತು. ಸ್ಕ್ರಿಲೆಕ್ಸ್‌ಗೆ 2012ರಲ್ಲಿ ಮೂರು ಗ್ರ್ಯಾಮಿ ಬಂದವು. ಅವರ ಪ್ರತಿಭೆಯ ಬಗ್ಗೆ ನನಗೆ ಗೌರವವಿದೆ. ತೊಂದರೆ ಇದ್ದದ್ದು ಎಲ್ಲವೂ ಆ ಒಂದು ದನಿಯ ಮೇಲೆ ನಿಂತದ್ದರಲ್ಲಿ. ಜಾಹೀರಾತು, ಸಿನಿಮಾ ಟ್ರೇಲರ್, ವಿಡಿಯೋ ಗೇಮ್ ಎಲ್ಲೆಡೆ ಅದೇ ಕೇಳಿತು. ಪ್ರತಿ ನಿಮಿಷಕ್ಕೊಂದು ಡ್ರಾಪ್, ಅಂದರೆ ಏರಿಸಿ ಏರಿಸಿ ಒಮ್ಮೆಲೇ ಬೇಸ್ ಧುಮುಕುವ ಕ್ಷಣ, ಬರುವ ಸಂಗೀತದಲ್ಲಿ ಆರು ಗಂಟೆಯ ರಾತ್ರಿಯನ್ನು ಏರಿಳಿಸುವುದೂ ಆಗದು. 2013ರ ಹೊತ್ತಿಗೆ ಬೇಗ ಬಂದವರು ಬೇಗನೇ ಟ್ರ್ಯಾಪ್ ಎಂಬ ಇನ್ನೊಂದು ಪ್ರಕಾರದ ಕಡೆಗೆ ಹೊರಟರು.

ಪೂರ್ತಿ ಸತ್ತಿತೇ? ಇಲ್ಲ. ಅಮೆರಿಕದ ಒಹಾಯೋದಲ್ಲಿ 2017ರಿಂದ ಅದಕ್ಕೆಂದೇ ಲಾಸ್ಟ್ ಲ್ಯಾಂಡ್ಸ್ ಉತ್ಸವ ನಡೆಯುತ್ತಿದೆ. ಇತ್ತ ಲಂಡನ್ನಿನ ಡಿಜೆ ಮಾಲಾ 2006ರಲ್ಲಿ ಕಟ್ಟಿದ ಲೇಬಲ್ ಹಳೆಯ, ಆಳದ ಬಗೆಯನ್ನು ಬಿಡದೆ ಹೊರತರುತ್ತಾ ಬಂತು. ಅಲ್ಲಿನವರು ಆ ಹಳೆಯ ಹೆಸರಿನ ಹೊರೆಯೇ ಬೇಡವೆಂದು ಅದನ್ನು ಬರೀ ‘140’ ಎನ್ನುತ್ತಾರೆ. ಕೋಣೆ ಬಿಟ್ಟು ಹೋಗದವರು ಉಳಿದರು.

ಬಿಗ್ ರೂಮ್ ಅಂತ ಒಂದಿತ್ತು. ಒಂದೇ ವರ್ಷದಲ್ಲಿ ಎಲ್ಲ ಫೆಸ್ಟಿವಲ್‌ನಲ್ಲೂ ಅದೇ. ಆಮೇಲೆ ಏನಾಯ್ತು?

128 ಬಿಪಿಎಂ, ನಿಮಿಷಗಟ್ಟಲೆ ಏರುವ ಸಿದ್ಧತೆ, ಡಿಜೆ ಕೈ ಎತ್ತಿದಾಗ ಟೊಳ್ಳಾದ ಭಾರಿ ಕಿಕ್. 2013 ಅದರ ಉಚ್ಛ್ರಾಯದ ವರ್ಷ. ಐವತ್ತು ಸಾವಿರ ಜನ ಒಂದೇ ಕ್ಷಣ ಹಾರಲಿ ಎಂದು ಅಳತೆ ತೆಗೆದು ಹೊಲಿದ ಸಂಗೀತ. ಇನ್ನೂರು ಜನರ ಕೋಣೆಯಲ್ಲಿ ಅದು ನಿಲ್ಲುವುದಿಲ್ಲ. ಹೊಸ ಹುಡುಗನೊಬ್ಬ ತಪ್ಪು ಮಾಡುತ್ತಾ ಕಲಿಯಲು ಇನ್ನೂರು ಜನರ ಕೋಣೆಯೇ ಬೇಕು.

ಹಣದ ಕಥೆಯೂ ಇದೆ. ಎಸ್‌ಎಫ್‌ಎಕ್ಸ್ ಎಂಬ ಅಮೆರಿಕನ್ ಕಂಪನಿ ಉತ್ಸವಗಳನ್ನೂ ಬೀಟ್‌ಪೋರ್ಟ್ ಎಂಬ ಟ್ರ್ಯಾಕ್ ಮಾರುವ ತಾಣವನ್ನೂ ಕೊಂಡು 2013ರಲ್ಲಿ ಷೇರು ಮಾರುಕಟ್ಟೆಗೆ ಹೋಯಿತು, 2016ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಟಿಕೆಟ್ಟಿನ ಲೆಕ್ಕಕ್ಕೆ ಬೆಳೆದ ಬಗೆ ಟಿಕೆಟ್ಟಿನ ಲೆಕ್ಕ ತಪ್ಪಿದಾಗ ಬಡವಾಯಿತು.

ಮೂಂಬಾಟನ್ ಕೇಳಿದ್ದೀರಾ? ಭಾರೀ ಇಷ್ಟ ಆಗಿತ್ತು ಮಾರಾಯ್ರೆ, ಮಾಯ ಆಗಿ ಹೋಯ್ತು.

2009ರಲ್ಲಿ ವಾಷಿಂಗ್ಟನ್‌ನ ಡೇವ್ ನಾಡಾ ಒಂದು ಡಚ್ ಹೌಸ್ ಟ್ರ್ಯಾಕನ್ನು 108 ಬಿಪಿಎಂಗೆ ಇಳಿಸಿದಾಗ ಅದು ಲ್ಯಾಟಿನ್ ಅಮೆರಿಕದ ರೆಗ್ಗೆಟಾನ್ ಸಂಗೀತದ ನಡೆಯಂತೆ ಕೇಳಿಸಿತು, ಮೂಂಬಾಟನ್ ಹುಟ್ಟಿತು. 1980ರ ದಶಕದ ಕೊನೆಯಲ್ಲಿ ಬೆಲ್ಜಿಯಂನಲ್ಲೂ ಹೀಗೇ ಆಗಿತ್ತು. ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ರೆಕಾರ್ಡನ್ನು 33 ಸುತ್ತಿನಲ್ಲಿ ನುಡಿಸಿ ನ್ಯೂ ಬೀಟ್ ಎಂಬ ಪ್ರಕಾರವೇ ಆಯಿತು, ಎರಡು ಮೂರು ವರ್ಷ ಮೆರೆಯಿತು. ವೇಗ ಇಳಿಸುವ ಉಪಾಯ ಯಾರು ಬೇಕಾದರೂ ಒಂದೇ ದಿನದಲ್ಲಿ ಕಲಿಯಬಹುದು, ಹಾಗಾಗಿ ಬೇಗ ಹಬ್ಬಿತು, ಬೇಗ ಬರಿದಾಯಿತು. ಎರಡೂ ವ್ಯರ್ಥವಾಗಲಿಲ್ಲ. 2015ರ ಸುಮಾರಿನ ಪಾಪ್ ಹಾಡುಗಳ ನಿಧಾನ ಓಲಾಟದಲ್ಲಿ ಮೂಂಬಾಟನ್ ಕರಗಿದೆ.

ಯುಕೆ ಗ್ಯಾರೇಜ್ ಹೋದದ್ದು ಜನರಿಗೆ ಬೇಸರವಾಗಿ ಅಂತಾರೆ, ನಿಜವೇ?

ಅರ್ಧ ನಿಜ. ಹೌಸ್‌ನ ಕಿಕ್ಕನ್ನು ಕುಂಟಿಸಿ ಕಟ್ಟಿದ ಬಗೆ ಅದು. 1990ರ ದಶಕದ ಕೊನೆಗೆ ಲಂಡನ್ನಿನಲ್ಲಿ ಅದರ ಅಬ್ಬರವಿತ್ತು, 2001ರಲ್ಲಿ ಸೋ ಸಾಲಿಡ್ ಕ್ರೂ ತಂಡ ಚಾರ್ಟಿನ ತುದಿಗೇರಿತು. ಕೆಲವು ಹಿಂಸೆಯ ಘಟನೆಗಳ ನಂತರ ಪೊಲೀಸರು, ಕ್ಲಬ್ ಮಾಲೀಕರು ಇಡೀ ಪ್ರಕಾರವನ್ನೇ ಅನುಮಾನದಿಂದ ನೋಡತೊಡಗಿದರು, ರಾತ್ರಿಗಳು ರದ್ದಾದವು. ಮುಂದೆ ಲಂಡನ್ ಪೊಲೀಸರು ‘ಫಾರ್ಮ್ 696’ ಎಂಬ ಅರ್ಜಿ ತಂದು, ಯಾವ ಕಾರ್ಯಕ್ರಮದಿಂದ ಅಪಾಯವೆಂದು ಮೊದಲೇ ಅಳೆಯಹೊರಟರು. ಅದರ ಹೊರೆ ಬಿದ್ದದ್ದು ಕಪ್ಪು ಯುವಕರ ಸಂಗೀತದ ಮೇಲೆಂದು ತೀವ್ರ ಟೀಕೆ ಬಂದು, 2017ರಲ್ಲಿ ಅದನ್ನು ಕೈಬಿಟ್ಟರು. ಒಂದು ಸಂಗೀತ ‘ಹಳೇದಾಯಿತು’ ಎನ್ನುವಾಗ ಅದಕ್ಕೆ ಬಾಗಿಲು ಮುಚ್ಚಿದವರು ಯಾರು ಎಂದು ಒಮ್ಮೆ ಕೇಳಿಕೊಳ್ಳಬೇಕು. ಗ್ಯಾರೇಜ್‌ನಿಂದಲೇ ಎಂಸಿಗಳ ಗ್ರೈಮ್ ಎಂಬ ಪ್ರಕಾರ ಹುಟ್ಟಿತು, ಡಬ್‌ಸ್ಟೆಪ್ಪೂ ಹುಟ್ಟಿತು. ಅದರ ಕುಂಟು ನಡೆ ಈಗಿನ ಬ್ರಿಟಿಷ್ ಪಾಪ್‌ನಲ್ಲಿ ಮತ್ತೆ ಚೆನ್ನಾಗಿ ಕೇಳಿಬರುತ್ತಿದೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಆ್ಯಸಿಡ್ ಹೌಸ್ ಕಂಡುಹಿಡಿದದ್ದು ಒಬ್ಬ ಭಾರತೀಯ ಅಂತ ಓದಿದೆ. ಹಾಗಿದ್ರೆ ಅದು ಇಲ್ಲೇ ಯಾಕೆ ಬೆಳೆಯಲಿಲ್ಲ?

ಟಿಬಿ-303 ಎಂಬ ಯಂತ್ರದ ಕಿರುಗುಟ್ಟುವ ದನಿಯನ್ನು ಮುಂದಿಟ್ಟ ಹೌಸ್ ಆ್ಯಸಿಡ್ ಹೌಸ್. ನೀವು ಓದಿದ ಭಾರತೀಯ, ಮುಂಬೈನ ಚರಣ್‌ಜಿತ್ ಸಿಂಗ್, ಹಿಂದಿ ಚಿತ್ರಗೀತೆಗಳಿಗೆ ನುಡಿಸುತ್ತಿದ್ದ ಕಲಾವಿದರು. ರೋಲ್ಯಾಂಡ್ ಕಂಪನಿಯ ಟಿಬಿ-303 ಬೇಸ್ ಯಂತ್ರ, ಟಿಆರ್-808 ಡ್ರಮ್ ಮಷೀನ್, ಜುಪಿಟರ್-8 ಸಿಂಥಸೈಜರ್ ಮೂರನ್ನೂ ಜೋಡಿಸಿ 1982ರಲ್ಲಿ ಭೈರವ್, ಲಲಿತ್, ಮಾಲ್ಕೌಂಸ್ ಸೇರಿ ಹತ್ತು ರಾಗಗಳನ್ನು ಡಿಸ್ಕೋ ತಟ್ಟಿಗೆ ಕೂರಿಸಿ ಒಂದು ಎಲ್‌ಪಿ ರೆಕಾರ್ಡು ಮಾಡಿದರು. ಷಿಕಾಗೋದ ಫ್ಯೂಚರ್ ತಂಡದ ಮೊದಲ ಆ್ಯಸಿಡ್ ರೆಕಾರ್ಡು ಬಂದದ್ದು 1987ರಲ್ಲಿ. ಎರಡನ್ನೂ ಪಕ್ಕಪಕ್ಕ ಕೇಳಿದರೆ ಮೈ ಜುಮ್ಮೆನ್ನುತ್ತದೆ, ಅಷ್ಟು ಹತ್ತಿರ.

303 ಬೇಸ್ ಗಿಟಾರಿನ ಬದಲಿಗೆಂದು ಮಾಡಿದ ಯಂತ್ರ. ಆ ಕೆಲಸಕ್ಕೆ ಒದಗದೆ 1984ರಲ್ಲೇ ತಯಾರಿಕೆ ನಿಂತು, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿತ್ತು. ಷಿಕಾಗೋದ ಹುಡುಗರ ಕೈಗೆ ಸಿಕ್ಕಿದ್ದು ಹಾಗೆ. ಅವರು ಗುಂಡಿ ತಿರುಗಿಸುತ್ತಾ ಹುಟ್ಟಿಸಿದ ಆ ಕಿರುಗುಟ್ಟುವ ದನಿಯನ್ನು ಟೇಪಿಗಿಳಿಸಿ ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನ ರಾನ್ ಹಾರ್ಡಿಗೆ ಕೊಟ್ಟರು. ಮೊದಲ ಸಲ ಹಾಕಿದಾಗ ಜನ ನೆಲ ಬಿಟ್ಟು ಹೋದರಂತೆ. ಹಾರ್ಡಿ ಅದೇ ರಾತ್ರಿ ಮತ್ತೆ ಮತ್ತೆ ಹಾಕಿದರು, ಕೊನೆಯ ಸಲಕ್ಕೆ ಜನ ಹುಚ್ಚೆದ್ದು ಕುಣಿದರು.

ಚರಣ್‌ಜಿತ್ ಸಿಂಗ್ ಅವರಿಗೆ ಇಲ್ಲದ್ದು ಇದೇ. ಪ್ರತಿಭೆ ಇತ್ತು, ಯಂತ್ರ ಇತ್ತು, ರಾಗಜ್ಞಾನವಂತೂ ಷಿಕಾಗೋದವರಿಗೆ ಕನಸಿನಲ್ಲೂ ಇರದಷ್ಟು ಇತ್ತು. ಮತ್ತೆ ಮತ್ತೆ ಹಾಕುವ ಒಬ್ಬ ಡಿಜೆ, ಪ್ರತಿ ವಾರ ಬರುವ ಅದೇ ಜನ, ‘ನಾನೂ ಒಂದು ಮಾಡುತ್ತೇನೆ’ ಎಂದು ಮನೆಗೆ ಓಡುವ ಹುಡುಗರು ಅವರ ಸುತ್ತ ಇರಲಿಲ್ಲ. ಆ ಎಲ್‌ಪಿ ಮಾರಾಟವಾಗದೆ ಮರೆಯಾಯಿತು. 2010ರಲ್ಲಿ ಯುರೋಪಿನಲ್ಲಿ ಮರುಮುದ್ರಣವಾದ ಮೇಲೆ ಜಗತ್ತು ಬೆರಗಾಯಿತು, ಇಳಿವಯಸ್ಸಿನಲ್ಲಿ ಅವರು ಅಲ್ಲಿ ವೇದಿಕೆಯೇರಿ ನುಡಿಸಿದರು. 2015ರಲ್ಲಿ ತೀರಿಕೊಂಡರು. ಪ್ರಕಾರಗಳ ಹುಟ್ಟು ಸಾವಿನ ಬಗ್ಗೆ ನಾನು ನಂಬಿದ್ದನ್ನೆಲ್ಲ ಈ ಒಂದು ರೆಕಾರ್ಡಿನ ಕಥೆಯಲ್ಲಿ ತೋರಿಸಬಹುದು.

ಈಗ ಎಲ್ಲ ಮೊಬೈಲ್‌ನಲ್ಲೇ ಹರಡುತ್ತೆ. ಇನ್ನು ಕ್ಲಬ್ಬು, ಜಾಗ ಅಂತ ಹೇಳೋದ್ರಲ್ಲಿ ಅರ್ಥ ಇದೆಯಾ?

ದಕ್ಷಿಣ ಆಫ್ರಿಕಾದ ಅಮಾಪಿಯಾನೋ ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ. ಹೌಟೆಂಗ್ ಪ್ರಾಂತ್ಯದ ಟೌನ್‌ಶಿಪ್‌ಗಳಲ್ಲಿ (ವರ್ಣಭೇದದ ಕಾಲದಲ್ಲಿ ಕಪ್ಪು ಜನರಿಗೆಂದು ಊರಾಚೆ ಮಾಡಿದ ಬಡಾವಣೆಗಳು) ಕಳೆದ ದಶಕದಲ್ಲಿ ಹುಟ್ಟಿದ ಅದರ ವೇಗ ಸುಮಾರು 110ರಿಂದ 115. ಕೊರಳು ಬಳಸಿ ಬರುವ ಪಿಯಾನೋ, ನಡುನಡುವೆ ಜಾರುತ್ತಾ ಗುದ್ದುವ ಲಾಗ್ ಡ್ರಮ್ ಎಂಬ ಬೇಸ್ ದನಿ. ರೇಡಿಯೋ ಕಂಪನಿಗಳು ಕಣ್ಣೆತ್ತಿ ನೋಡುವ ಮೊದಲು ಅದು ವಾಟ್ಸ್ಆ್ಯಪ್‌ನಲ್ಲಿ ಫೈಲಾಗಿ, ಬಾಡಿಗೆ ಟ್ಯಾಕ್ಸಿಗಳ ಸ್ಪೀಕರಿನಲ್ಲಿ ಹಾಡಾಗಿ ಹರಡಿತು.

ಹರಡಿದ್ದು ಮೊಬೈಲಿನಿಂದ, ಬೆಳೆದದ್ದು ಬೀದಿಯಲ್ಲಿ. ಟೌನ್‌ಶಿಪ್ಪಿನ ಹೆಂಡದ ಮನೆಗಳಲ್ಲಿ, ಹಿತ್ತಲಿನ ಪಾರ್ಟಿಗಳಲ್ಲಿ ಜನ ಯಾವುದಕ್ಕೆ ಹೆಜ್ಜೆ ಹಾಕಿದರು ಎಂಬುದೇ ಮುಂದಿನ ವಾರದ ಟ್ರ್ಯಾಕನ್ನು ತೀರ್ಮಾನಿಸುತ್ತಿತ್ತು. ಅದಕ್ಕೂ ಹಿಂದೆ ಕ್ವೈಟೋ ಎಂಬ ಅಲ್ಲಿನದೇ ನೃತ್ಯ ಸಂಗೀತ, ಅದಕ್ಕೂ ಹಿಂದೆ ಆ ದೇಶದವರ ಹೌಸ್ ಪ್ರೇಮ, ಮೂರು ತಲೆಮಾರಿನ ಕುಣಿತ ಅದರ ಬೆನ್ನಿಗಿದೆ. ಬರೀ ಪರದೆಯ ಮೇಲೆ ಹುಟ್ಟಿ ಪರದೆಯ ಮೇಲೇ ಉಳಿದ ಪ್ರಕಾರಗಳು ಕೆಲವೇ ತಿಂಗಳಲ್ಲಿ ಹೆಸರು ಬದಲಿಸುವುದನ್ನು ನೋಡುತ್ತಲೇ ಇದ್ದೇವೆ. ಅಮಾಪಿಯಾನೋ ಉಳಿಯುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಕರ್ನಾಟಕದಲ್ಲಿ ನಮ್ಮದೇ ಅಂತ ಒಂದು ಎಲೆಕ್ಟ್ರಾನಿಕ್ ಪ್ರಕಾರ ಯಾವಾಗ ಹುಟ್ಟುತ್ತದೆ?

ಹುಟ್ಟಿದೆ, ನಾವು ಹಾಗೆಂದು ಕರೆಯುತ್ತಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಡಿಜೆ ಜಾನಪದ ಹಾಡುಗಳನ್ನು ಕೇಳಿ. ಜಾನಪದ ಧಾಟಿಯ ಹಾಡು, ಕೀಬೋರ್ಡಿನ ಚೂಪು ದನಿ, ಪ್ಯಾಡಿನಲ್ಲಿ ಹೊಡೆದ ತಾಳ, ಟ್ರ್ಯಾಕ್ಟರಿಗೆ ಕಟ್ಟಿದ ಸ್ಪೀಕರುಗಳ ಮುಂದೆ ಕುಣಿಯುವ ಹುಡುಗರು. ಊರೂರಿನ ಸಣ್ಣ ಸ್ಟುಡಿಯೋಗಳಲ್ಲಿ ತಯಾರಾಗಿ ಯೂಟ್ಯೂಬಿಗೆ ಬರುತ್ತವೆ, ಜಾತ್ರೆ, ಮದುವೆ, ಮೆರವಣಿಗೆಗಳಲ್ಲಿ ಪರೀಕ್ಷೆಯಾಗುತ್ತವೆ. ಅಗ್ಗದ ಯಂತ್ರ, ತನ್ನದೇ ನಡೆ, ತನ್ನದೇ ಜನ, ತಪ್ಪದೆ ಬರುವ ಸಂದರ್ಭ: ಷಿಕಾಗೋದಲ್ಲಿದ್ದದ್ದು ಇಷ್ಟೇ.

ಸಾಹಿತ್ಯ ಒರಟು ಎಂಬ ದೂರಿದೆ, ಶಬ್ದದ ಬಗ್ಗೆ ಇನ್ನೂ ದೊಡ್ಡ ದೂರಿದೆ. ಗಣೇಶನ ಹಬ್ಬದಲ್ಲಿ ಹಲವು ಜಿಲ್ಲೆಗಳಲ್ಲಿ ಡಿಜೆ ನಿಷೇಧವಾಗುತ್ತದೆ. ರೋಗಿಗಳ, ವೃದ್ಧರ ಕಷ್ಟ ನಿಜ, ಅದಕ್ಕೆ ಮಿತಿ ಬೇಕೇ ಬೇಕು. ಆದರೆ ಶಬ್ದದ ಮಿತಿ ಬೇರೆ, ಆ ಸಂಗೀತವನ್ನೇ ಕೀಳೆಂದು ತಳ್ಳುವುದು ಬೇರೆ. ಬೆಂಗಳೂರಿನ ಕ್ಲಬ್ಬುಗಳಲ್ಲಿ ಒಳ್ಳೆಯ ಟೆಕ್ನೋ ಡಿಜೆಗಳಿದ್ದಾರೆ, ಅವರ ಶ್ರಮದ ಮೇಲೆ ನನಗೆ ಅಪಾರ ಗೌರವವಿದೆ. ಹಿಂದೆ 11.30ಕ್ಕೆ, ಈಗ 1 ಗಂಟೆಗೆ ಬಾಗಿಲು ಹಾಕಬೇಕಾದ ಊರಿನಲ್ಲಿ ಇಡೀ ರಾತ್ರಿಯ ಸಂಗೀತ ಬೇರೂರುವುದು ಕಷ್ಟ. ಟ್ರ್ಯಾಕ್ಟರಿನ ಮುಂದಿನ ಹುಡುಗರಿಗೆ ಹಗಲೇ ಸಾಕು.

ನಾನೂ ಟ್ರ್ಯಾಕ್ ಮಾಡ್ತೀನಿ ಅಣ್ಣ. ಹತ್ತು ವರ್ಷ ಆದ್ರೂ ಓಡೋ ಪ್ರಕಾರ ಯಾವುದು ಹೇಳಿ, ಅದನ್ನೇ ಕಲೀತೀನಿ.

ಪ್ರಕಾರ ಹುಡುಕುವ ಮೊದಲು ನಿಮ್ಮಂತೆಯೇ ಕಿವಿಯಿರುವ ಐದಾರು ಜನರನ್ನು ಹುಡುಕಿ. ತಿಂಗಳಿಗೊಮ್ಮೆ, ಒಂದೇ ದಿನ, ಒಂದೇ ಜಾಗದಲ್ಲಿ ಸೇರಿ. ಕೆಫೆಯ ಹಿಂದಿನ ಕೋಣೆಯಾದರೂ ಸರಿ, ಯಾರದೋ ಮನೆಯ ತಾರಸಿಯಾದರೂ ಸರಿ, ಅಕ್ಕಪಕ್ಕದವರನ್ನು ಒಂದು ಮಾತು ಕೇಳಿ. ಮುಗಿಯದ ಟ್ರ್ಯಾಕನ್ನೂ ಅಲ್ಲಿ ಹಾಕಿ ನೋಡಿ. ಜನ ಕುಣಿಯುವುದನ್ನು ಬಿಟ್ಟು ನೀರು ಕುಡಿಯಲು ಹೊರಟ ಜಾಗವನ್ನು ಗುರುತು ಹಾಕಿಕೊಂಡು ಮನೆಗೆ ಬಂದು ತಿದ್ದಿ. ಶುರುವಿನಲ್ಲೂ ಕೊನೆಯಲ್ಲೂ ಮೂವತ್ತೆರಡು ಎಣಿಕೆ ಬರೀ ಡ್ರಮ್ ಬಿಡಿ, ನಿಮ್ಮ ಟ್ರ್ಯಾಕನ್ನು ಇನ್ನೊಬ್ಬರು ತಮ್ಮದರ ಜೊತೆ ಬೆಸೆಯುವುದಕ್ಕೆ. ಎಲ್ಲರೂ ಕೊಂಡ ಸ್ಯಾಂಪಲ್ ಪ್ಯಾಕಿನ ಬದಲು ನಿಮ್ಮೂರಿನ ಹಲಗೆ, ಡೊಳ್ಳು, ಕರಡಿ ಮಜಲನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ತನ್ನಿ, ಬಾರಿಸಿದವರ ಹೆಸರನ್ನು ಟ್ರ್ಯಾಕಿನ ಜೊತೆ ಬರೆಯಿರಿ, ಹಣ ಬಂದರೆ ಅವರ ಪಾಲು ಕೊಡಿ.